78 ದಿನದ ಬೋನಸ್ ನೋಡಿ ಹೊಟ್ಟೆ ಉರಿದುಕೊಂಡವರಿಗೆ

ಬೆಳಿಗ್ಗೆಯಿಂದ ಮೈಯೆಲ್ಲ ಉರಿಯುತ್ತಿದೆ. ಬರೆಯದೇ ಇದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ, ಪುರುಸೊತ್ತಿದ್ದವರು ಓದಿ.

ರೈಲ್ವೆ ನೌಕರರಿಗೆ 2025ರ ದಸರಾಕ್ಕೂ 78 ದಿನಗಳ ಬೋನಸ್ ಅಂತ ಕೇಂದ್ರ ಸಂಪುಟ ಒಪ್ಪಿದ ಸುದ್ದಿ ನೀವೂ ನೋಡಿರುತ್ತೀರಿ. ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಕಾಕಾನ ಮಗ ಅದನ್ನು ಹಾಕಿ ಕೆಳಗೆ ಬರೆದಿದ್ದಾನೆ: 'ಎರಡೂವರೆ ತಿಂಗಳ ಸಂಬಳ ಪುಕ್ಕಟೆ. ಇಷ್ಟರ ಮೇಲೂ ಸಂಬಳ ಸಾಲದು, ಸ್ಟ್ರೈಕ್ ಮಾಡ್ತೀವಿ ಅಂತಾರೆ. ಇಂಥೋರನ್ನ ಒಂದೇ ದಿನದಾಗ ಮನೀಗೆ ಕಳಿಸಬೇಕು.' ಅದಕ್ಕೆ ಸಾಲುಸಾಲು ಹೆಬ್ಬೆರಳು. ನಾನು ಎರಡು ಸಾಲು ಉತ್ತರ ಬರೆದರೆ 'ಅಕ್ಕಾ, ಹಬ್ಬದ ದಿನ ರಾಜಕೀಯ ಯಾಕ?' ಅಂತ ನನ್ನನ್ನೇ ಸುಮ್ಮನಾಗಿಸಿದರು. ಸಾವಿರಾರು ಜನರನ್ನು ಕೆಲಸದಿಂದ ಕಿತ್ತುಹಾಕಿ ಅನ್ನುವುದು ರಾಜಕೀಯವಲ್ಲವಂತೆ, ಹಾಗೆ ಅನ್ನಬೇಡಪ್ಪ ಅನ್ನುವುದು ರಾಜಕೀಯವಂತೆ.

ಮೊದಲು ಆ 'ಎರಡೂವರೆ ತಿಂಗಳ ಸಂಬಳ'ದ ಲೆಕ್ಕ ಮುಗಿಸಿಬಿಡುತ್ತೇನೆ. ಈ ಬೋನಸ್ಸನ್ನು ನೌಕರನ ನಿಜವಾದ ಸಂಬಳದ ಮೇಲೆ ಲೆಕ್ಕ ಹಾಕುವುದಿಲ್ಲ. ಸಂಬಳ ಎಷ್ಟೇ ಇರಲಿ, ತಿಂಗಳಿಗೆ 7,000 ರೂಪಾಯಿ ಅಂತಲೇ ಹಿಡಿಯುತ್ತಾರೆ. ಹಾಗಾಗಿ 78 ದಿನಕ್ಕೆ ಸಿಗುವುದು ಹೆಚ್ಚೆಂದರೆ 17,951 ರೂಪಾಯಿ. 7ನೇ ವೇತನ ಆಯೋಗದ ಪ್ರಕಾರ ಕಟ್ಟಕಡೆಯ ನೌಕರನ ಮೂಲವೇತನವೇ 18,000. ಅಂದರೆ ನೀವು ಎರಡೂವರೆ ತಿಂಗಳ ಸಂಬಳ ಅನ್ನುವುದು, ಅತಿ ಕಡಿಮೆ ಸಂಬಳದವನಿಗೂ ಒಂದು ತಿಂಗಳ ಮೂಲವೇತನದಷ್ಟು ಆಗುವುದಿಲ್ಲ. ಆ 7,000ದ ಮಿತಿ 2014ರಿಂದ ಅಲ್ಲೇ ನಿಂತಿದೆ. 2014ರಲ್ಲಿ ತೊಗರಿಬೇಳೆ ಎಷ್ಟಿತ್ತು, ಈಗ ಎಷ್ಟಿದೆ, ನೀವೇ ಹೇಳಿ. ಇನ್ನೊಂದು ಮಾತು, ಇದು ಗೆಜೆಟೆಡ್ ಅಧಿಕಾರಿಗಳಿಗೆ ಸಿಗುವ ಹಣವಲ್ಲ. ಹಳಿ ನೋಡಿಕೊಳ್ಳುವವರು, ಗಾಡಿಯ ಹಳಿ ಬದಲಿಸುವ ಪಾಯಿಂಟ್ಸ್‌ಮನ್‌ಗಳು, ಇಂಜಿನ್ ಓಡಿಸುವ ಲೋಕೋ ಪೈಲಟ್‌ಗಳು, ಸ್ಟೇಷನ್ ಮಾಸ್ಟರುಗಳು, ವರ್ಕ್‌ಶಾಪಿನ ಫಿಟ್ಟರುಗಳು, ಗುಮಾಸ್ತರು, ಇವರಿಗೆ ಸಿಗುವುದು. 2025ರಲ್ಲಿ ಸುಮಾರು 10.91 ಲಕ್ಷ ಜನ.

ಆ ಬೋನಸ್ ಎಲ್ಲಿಂದ ಬಂತು ಅನ್ನುವುದನ್ನು ಒಬ್ಬರೂ ಕೇಳಲಿಲ್ಲ. ನನಗೆ ತಡೆಯಲಾಗದ್ದು ಅದು. ಯಾರೋ ಮಂತ್ರಿ ದಸರಾ ಉಡುಗೊರೆ ಅಂತ ಕೊಟ್ಟದ್ದಲ್ಲ ಅದು. 1974ರ ಮೇ ತಿಂಗಳಲ್ಲಿ ರೈಲ್ವೆ ನೌಕರರು ದೇಶದ ತುಂಬ ಹೂಡಿದ ಮುಷ್ಕರದ ಬೇಡಿಕೆಗಳಲ್ಲಿ ಬೋನಸ್ಸೂ ಒಂದು. ನಿಮ್ಮಲ್ಲಿ ಹಳೆಯ ಗೆಳೆಯರಿಗೆ ಗೊತ್ತು, ನಾನು ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್. ವರ್ಕ್‌ಶಾಪಿನ ಭೋಂಗಾ (ಸೈರನ್) ಕೂಗಿದರೆ ಇಡೀ ಓಣಿ ಏಳುತ್ತಿತ್ತು. ಆ ಮೇ ತಿಂಗಳಲ್ಲಿ ನಾನು ಚಿಕ್ಕವಳು, ಆದರೂ ನೆನಪಿದೆ. ಅಪ್ಪ ಅಣ್ಣಿಗೇರಿಯ ಸೋದರಮಾವನ ಮನೆಯಲ್ಲಿ ಹೋಗಿ ಕೂತಿದ್ದ. ಅವ್ವ ಕಿರಾಣಿ ಅಂಗಡಿಗೆ ಹೋದರೆ ಅಂಗಡಿಯವರು, 'ಅಕ್ಕಾರ, ನಿಮ್ಮ ಮಂದಿ ಗಾಡಿ ಬಿಡೂದುಲ್ಲ, ನನ್ನ ಮಾಲು ಗೂಡ್ಸ್‌ನ್ಯಾಗ ಬಿದ್ದೈತಿ. ಉದ್ರಿ ಎಲ್ಲಿಂದ ಕೊಡ್ಲಿ?' ಅಂದರು. ಅವರನ್ನು ನಾನು ದೂರುವುದಿಲ್ಲ, ಅವರ ಮಾಲು ನಿಜವಾಗಿಯೂ ಬಿದ್ದಿತ್ತು. ದೂರುವುದು ಬೇರೆಯವರನ್ನು. ಗೂಡ್ಸ್‌ನಲ್ಲಿ ಒಂದು ಚೀಲವೂ ಇಲ್ಲದ, ಯಾವ ಊರಿಗೂ ಹೋಗುವುದಿಲ್ಲದ ಜನ ಕಟ್ಟೆಯ ಮೇಲೆ ಕೂತು 'ದೇಶದ್ರೋಹಿಗಳು' ಅನ್ನುತ್ತಿದ್ದರಲ್ಲ, ಅವರನ್ನು.

ಆಗ ಆ 'ದೇಶದ್ರೋಹಿ'ಗಳು ಕೇಳಿದ್ದೇನು? 3ನೇ ವೇತನ ಆಯೋಗದ ನಂತರ ಕನಿಷ್ಠ ಸಂಬಳ ತಿಂಗಳಿಗೆ 196 ರೂಪಾಯಿ ಅಂತ ನಿಗದಿಯಾಗಿತ್ತು. ಆ ಹೊತ್ತಿಗೆ ಬೆಲೆ ಏರಿಕೆ ಶೇ 20 ದಾಟಿತ್ತು. ಸರ್ಕಾರದ್ದೇ ಬೇರೆ ಉದ್ದಿಮೆಗಳಲ್ಲಿ ಇಷ್ಟೇ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಂಬಳ ಇತ್ತು, ಬೋನಸ್ಸೂ ಇತ್ತು. ನಮಗೂ ಅಷ್ಟು ಕೊಡಿ ಅಂದರು. ಡ್ಯೂಟಿಯನ್ನು ಎಂಟು ಗಂಟೆಗೆ ಇಳಿಸಿ ಅಂದರು. ಇಂಜಿನ್ ಓಡಿಸುವವರಿಗೆ ಆ ತನಕ ಡ್ಯೂಟಿ ಮುಗಿಯುವ ಹೊತ್ತೇ ಇರಲಿಲ್ಲ. ಹತ್ತು ಗಂಟೆ ಅನ್ನುವ ಮಾತನ್ನು ಸರ್ಕಾರದ ಬಾಯಲ್ಲಿ ಹೊರಡಿಸಲಿಕ್ಕೂ 1973ರಲ್ಲಿ ಲೋಕೋ ಸಿಬ್ಬಂದಿ ಮುಷ್ಕರ ಹೂಡಬೇಕಾಯಿತು. ಕೂಲಿಯಂತೆ ದುಡಿಯುತ್ತಿದ್ದ ಕ್ಯಾಷುಯಲ್ ನೌಕರರನ್ನು ಕಾಯಂ ಮಾಡಿ ಅಂದರು. ಇದರಲ್ಲಿ ದುರಾಸೆ ಯಾವುದು?

ಮುಂದಾಳು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಮೊದಲೇ ನೋಟಿಸ್ ಕೊಟ್ಟಿದ್ದರು, ಮಾತುಕತೆ ನಡೆದಿತ್ತು. ಅದು ಮುಗಿಯುವ ಮುಂಚೆಯೇ ಮೇ 2ರಂದು ಲಖನೌದಲ್ಲಿ ಅವರನ್ನು ಬಂಧಿಸಿದರು. ಮುಷ್ಕರ ಶುರುವಾದದ್ದು ಮೇ 8ಕ್ಕೆ. ಸುಮಾರು 17 ಲಕ್ಷ ಜನರ ಮುಷ್ಕರ ಅಂತ ಇವತ್ತಿಗೂ ಹೇಳುತ್ತಾರೆ. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನರನ್ನು ವಿಚಾರಣೆಯೇ ಇಲ್ಲದೆ ವಜಾ ಮಾಡಿದರು. ದೇಶದ ಎಷ್ಟೋ ರೈಲ್ವೆ ಕಾಲನಿಗಳಲ್ಲಿ ಹೆಂಗಸರು ಮಕ್ಕಳನ್ನು ಪಾತ್ರೆಪಡಗದ ಸಮೇತ ಮನೆಯಿಂದ ಹೊರಗೆ ಹಾಕಿದರು. ಅದರ ನಡುವೆ ಮೇ 18ಕ್ಕೆ ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ಆಯಿತು, ದೇಶಕ್ಕೆ ದೇಶವೇ ಆ ಸಂಭ್ರಮದ ಕಡೆ ತಿರುಗಿತು. ಮೇ 27ಕ್ಕೆ ಮುಷ್ಕರ ಹಿಂದಕ್ಕೆ. ಕೈಗೆ ಏನೂ ಸಿಗಲಿಲ್ಲ. ಮುಷ್ಕರಕ್ಕೆ ಹೋಗದವರಿಗೆ ಮುಂಗಡ ಇಂಕ್ರಿಮೆಂಟು, ಮಕ್ಕಳಿಗೆ ನೌಕರಿ. ಹೋದವರಿಗೆ 'ಬ್ರೇಕ್ ಇನ್ ಸರ್ವಿಸ್', ಅಂದರೆ ಸೇವೆಯ ಲೆಕ್ಕ ನಡುವೆ ಕಡಿದುಹೋಯಿತು ಅನ್ನುವ ಶಿಕ್ಷೆ. ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಂತದ್ದನ್ನು ನಾನು ನೋಡಿದ್ದೇನೆ.

ವಜಾ ಆದವರು ವಾಪಸ್ ಕೆಲಸಕ್ಕೆ ಬಂದದ್ದು 1977ರಲ್ಲಿ ಸರ್ಕಾರ ಬದಲಾಗಿ ಮಧು ದಂಡವತೆ ರೈಲ್ವೆ ಮಂತ್ರಿಯಾದ ಮೇಲೆ. ಬೋನಸ್ ಬಂದದ್ದು 1979-80ರಲ್ಲಿ. ಇಲಾಖೆಯಾಗಿ ನಡೆಯುವ ಕೇಂದ್ರದ ಉದ್ದಿಮೆಗಳಲ್ಲಿ ಉತ್ಪಾದಕತೆಗೆ ತಕ್ಕ ಬೋನಸ್ ಮೊದಲು ಕೊಟ್ಟದ್ದು ರೈಲ್ವೆಯೇ. ತಮ್ಮಾ, ನೀನು ಪುಕ್ಕಟೆ ಅಂದದ್ದು ಈ ಹಣಕ್ಕೆ.

ನಮ್ಮ ಕರಾವಳಿಯ ಗೆಳೆಯರಿಗೊಂದು ಮಾತು. ಕೊಂಕಣ ರೈಲಿನ ಮಾತು ಬಂದಾಗಲೆಲ್ಲ ಜಾರ್ಜ್ ಹೆಸರು ಹೇಳಿ ಎದೆ ಉಬ್ಬಿಸುತ್ತೀರಿ, ಸರಿಯೇ. ಅವರು ರೈಲ್ವೆ ಮಂತ್ರಿಯಾಗಿ ಆ ಕೆಲಸಕ್ಕೆ ಬೆನ್ನೆಲುಬಾಗಿ ನಿಂತರು. ಆದರೆ ಅದೇ ಮನುಷ್ಯ ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಸಂಬಳಕ್ಕಾಗಿ ಜೈಲಿಗೆ ಹೋದದ್ದನ್ನು ಯಾಕೆ ಅಷ್ಟೇ ಹೆಮ್ಮೆಯಿಂದ ಹೇಳುವುದಿಲ್ಲ? ಹಳಿ ಹಾಕಿಸಿದವರು ನಮ್ಮವರು, ಹಳಿ ಕಾಯುವವರ ಪರ ನಿಂತವರು ತಂಟೆಕೋರರು ಅನ್ನುವುದು ಯಾವ ನ್ಯಾಯ?

'ಅದೆಲ್ಲ ಸರಿ, ಜನರಿಗೆ ತೊಂದರೆ ಕೊಟ್ಟು ಕೇಳಬಾರದು' ಅನ್ನುವ ಮಾತು ಈಗ ಬರುತ್ತದೆ, ಯಾವಾಗಲೂ ಬರುತ್ತದೆ. ಆಸ್ಪತ್ರೆಗೆ ಹೊರಟ ರೋಗಿ, ಪರೀಕ್ಷೆಗೆ ಹೊರಟ ಹುಡುಗ, ಕೂಲಿಗೆ ಹೊರಟ ಬಡವ. ಈ ಮಾತನ್ನು ಹಗುರವಾಗಿ ನೋಡಲು ನನ್ನಿಂದ ಆಗುವುದಿಲ್ಲ, ರೈಲು ನಿಂತರೆ ಮೊದಲು ಸಾಯುವವ ಜನರಲ್ ಬೋಗಿಯವನೇ. ಆದರೆ ಯಾರಿಗೂ ತೊಂದರೆ ಕೊಡದೆ ಕೇಳಿದಾಗ ನೀವೇನು ಮಾಡಿದಿರಿ ಅಂತ ಕೇಳುತ್ತೇನೆ.

2025ರ ಫೆಬ್ರುವರಿ 20ರಂದು ದೇಶದ ಲೋಕೋ ಪೈಲಟ್‌ಗಳು 36 ಗಂಟೆ ಉಪವಾಸ ಮಾಡಿದರು. ಗಾಡಿ ನಿಲ್ಲಿಸಲಿಲ್ಲ. ಉಪವಾಸವಿದ್ದೇ ಡ್ಯೂಟಿ ಮಾಡಿದರು. ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಹೊತ್ತ ಗಾಡಿಯನ್ನು ಖಾಲಿ ಹೊಟ್ಟೆಯಲ್ಲಿ ಓಡಿಸಿ ಊರು ಮುಟ್ಟಿಸಿದರು. ಕೇಳಿದ್ದೇನು? ತುಟ್ಟಿಭತ್ಯೆ ಶೇ 50 ಮುಟ್ಟಿದಾಗ ಬೇರೆಯವರ ಪ್ರಯಾಣ ಭತ್ಯೆ ಶೇ 25 ಹೆಚ್ಚಾಯಿತು, ಗಾಡಿ ಓಡಿಸಿದ ದೂರಕ್ಕೆ ಸಿಗುವ ನಮ್ಮ ಕಿಲೋಮೀಟರೇಜ್ ಭತ್ಯೆಯನ್ನೂ ಅಷ್ಟೇ ಹೆಚ್ಚಿಸಿ ಅಂತ. ವಾರದ ವಿಶ್ರಾಂತಿ ಸರಿಯಾಗಿ ಕೊಡಿ ಅಂತ. ಹೊರಗಿನ ಡ್ಯೂಟಿ ಮುಗಿಸಿ ಮನೆಗೆ ಬಂದವನಿಗೆ 16 ಗಂಟೆಯ ಮಾಮೂಲಿ ವಿಶ್ರಾಂತಿ ಇರುತ್ತದೆ. ವಾರದ ವಿಶ್ರಾಂತಿಯನ್ನೂ ಅದರೊಳಗೇ ತುರುಕುತ್ತಾರೆ. ಅದು ಬೇಡ, 16ರ ಮೇಲೆ 30 ಸೇರಿಸಿ 46 ಗಂಟೆ ಕೊಡಿ ಅನ್ನುವುದು ಅವರ ಬೇಡಿಕೆ. ಸಾಲುಸಾಲಾಗಿ ರಾತ್ರಿ ಡ್ಯೂಟಿ ಹಾಕಬೇಡಿ ಅಂತ ಇನ್ನೊಂದು. ನಿದ್ದೆಗಣ್ಣಿನವನ ಕೈಯಲ್ಲಿ ಗಾಡಿ ಇದ್ದರೆ ಸಿಗ್ನಲ್ ತಪ್ಪುವುದು ಅವನ ಮನೆಯ ಸಮಸ್ಯೆಯಲ್ಲ, ಎಸ್‌-4 ಬೋಗಿಯಲ್ಲಿ ಮಲಗಿದ ನಿಮ್ಮ ಸಮಸ್ಯೆ.

ಆ ಉಪವಾಸದ ಬಗ್ಗೆ ನಮ್ಮ ಮನೆತನದ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತಾ? ನಿಮ್ಮ ಗ್ರೂಪುಗಳಲ್ಲಿ? ಎಷ್ಟು ಟಿವಿ ಚಾನೆಲ್ಲುಗಳು ಒಂದು ಸಂಜೆಯ ಚರ್ಚೆ ಇಟ್ಟವು? ಅದೇ ಒಂದು ಶತಾಬ್ದಿ ಎರಡು ಗಂಟೆ ನಿಂತಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಮೈಕು ಹಿಡಿದವರು ಹತ್ತು ಜನ ಇರುತ್ತಿದ್ದರು. ತೊಂದರೆ ಕೊಡದೆ ಕೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ತೊಂದರೆ ಕೊಟ್ಟರೆ ಕ್ಷಮಿಸುವುದಿಲ್ಲ. ಹಾಗಾದರೆ ಅವರು ಕೇಳಬೇಕಾದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನು ಇನ್ನೂ ನೋಡಿಲ್ಲ.

ಮಾತು ಬದಲಾಯಿಸಿ 'ಖಾಸಗಿಯವರಿಗೆ ಅಷ್ಟೂ ಇಲ್ಲವಲ್ಲ, ಸರ್ಕಾರಿ ನೌಕರಿ ಇದೆಯಲ್ಲ, ಸುಮ್ಮನಿರಲಿ' ಅನ್ನುವವರಿದ್ದಾರೆ. ಖಾಸಗಿಯವರಿಗೆ ಇಲ್ಲ ಅನ್ನುವುದು ನಿಜ, ಅದು ಘೋರ. ಬೋಗಿ ತೊಳೆಯುವ ಗುತ್ತಿಗೆಯ ಹೆಣ್ಣುಮಕ್ಕಳ ಸ್ಥಿತಿ ಅದಕ್ಕಿಂತ ಘೋರ. ಹಾಗಂತ ಅವರ ಸಂಬಳ ಏರಿಸಿ ಅಂತ ನಿಮ್ಮಲ್ಲಿ ಯಾರಾದರೂ ಕೇಳಿದ್ದುಂಟಾ? ಇಲ್ಲದವರ ಹೆಸರು ಹೇಳಿ ಇದ್ದವರದ್ದನ್ನೂ ಕಿತ್ತುಕೊಳ್ಳುವ ಮಾತಿದು. ನನಗೆ ಇದರ ಮೇಲೆ ಹೆಚ್ಚು ಬರೆಯುವ ತಾಳ್ಮೆಯೂ ಇಲ್ಲ.

ನಮ್ಮ ಜನ ಕೆಟ್ಟವರಲ್ಲ, ಅದಕ್ಕೇ ನನಗೆ ಇಷ್ಟು ಸಂಕಟ. 2024ರ ಜುಲೈ ಕೊನೆಗೆ ಶಿರಾಡಿ ಘಟ್ಟದಲ್ಲಿ, ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಹೋಯಿತಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗೆ 55 ಕಿಲೋಮೀಟರಿನಲ್ಲಿ 57 ಸುರಂಗ ಇರುವ ದಾರಿ ಅದು. ರಸ್ತೆಯಿಂದ ಮುಟ್ಟಲಿಕ್ಕೂ ಕಷ್ಟ. ಆ ಮಳೆಯಲ್ಲಿ ಹಗಲೂ ರಾತ್ರಿ ಮರಳು ಮೂಟೆ, ಕಲ್ಲು ತುಂಬಿ ತುಂಬಿ ದಾರಿ ಎಬ್ಬಿಸಿದರು. ಬೆಂಗಳೂರು ಮಂಗಳೂರು ಗಾಡಿಗಳು ದಿನಗಟ್ಟಲೆ ರದ್ದಾದವು. ಆಗ ನೀವೆಲ್ಲ ಆ ಕೆಲಸಗಾರರ ಫೋಟೋ ಹಾಕಿ ಕೈಮುಗಿದಿರಿ. ನಾನೂ ಹಂಚಿಕೊಂಡೆ, ಕಣ್ಣು ತುಂಬಿ ಬಂದಿತ್ತು. ಮಳೆಗಾಲ ಪೂರ್ತಿ ಆ ಘಟ್ಟದಲ್ಲಿ ಟಾರ್ಚು ಹಿಡಿದು ರಾತ್ರಿ ಹಳಿ ಮೇಲೆ ನಡೆಯುವ ಗಸ್ತಿನ ಪ್ಯಾಟ್ರೋಲ್‌ಮನ್‌ ಅವರಲ್ಲೇ ಒಬ್ಬ. ಹಾವು, ಆನೆ, ಜಿಗಣೆ, ಯಾವ ಗಳಿಗೆಯಲ್ಲಿ ಮೇಲಿಂದ ಬಂಡೆ ಉರುಳುತ್ತದೋ ಗೊತ್ತಿಲ್ಲ. ಅವನು ಮಣ್ಣು ಹೊತ್ತಾಗ ಕೈಮುಗಿಯುವವರು, ಅದೇ ಮನುಷ್ಯ ಸಂಬಳದ ಚೀಟಿ ಹಿಡಿದು ನಿಂತಾಗ ಮನೆಗೆ ಕಳಿಸಿ ಅನ್ನುತ್ತೀರಲ್ಲ! ನಿಮ್ಮ ಗೌರವ ಅವನ ಬೆವರಿಗೆ ಮಾತ್ರವಾ? ಅವನ ಅಕ್ಕಿ, ಅವನ ಮಗಳ ಕಾಲೇಜು ಫೀಸು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವಾ?

ಲೆವೆಲ್ ಕ್ರಾಸಿಂಗಿನಲ್ಲಿ ಗೇಟು ಹಾಕಿದ್ದಾನೆ ಅಂತ ಹಾರ್ನ್ ಒತ್ತುತ್ತೀರಲ್ಲ, ಆ ಗೇಟ್‌ಮನ್‌ಗಳಲ್ಲಿ ಎಷ್ಟೋ ಜನರಿಗೆ ಇವತ್ತಿಗೂ 12 ಗಂಟೆಯ ಪಾಳಿ. ಕೆಲಸ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಆರಾಮ ಇರುತ್ತದೆ ಅನ್ನುವುದು ಅದಕ್ಕೆ ಕಾಗದದ ಮೇಲಿನ ಕಾರಣ. ಗಾಡಿಗಳು ಎಷ್ಟು ಹೆಚ್ಚಾಗಿವೆ, ರಸ್ತೆಯ ಓಡಾಟ ಎಷ್ಟು ಹೆಚ್ಚಾಗಿದೆ, ಯಾವುದಾದರೂ ಗೇಟಿನ ಹತ್ತಿರ ಒಂದು ತಾಸು ನಿಂತು ನೋಡಿ. ಎಷ್ಟೋ ಇಂಜಿನ್‌ಗಳಲ್ಲಿ ಇನ್ನೂ ಶೌಚಾಲಯ ಇಲ್ಲ. ಹೆಣ್ಣುಮಕ್ಕಳು ಲೋಕೋ ಪೈಲಟ್ ಆದರು ಅಂತ ಮಾರ್ಚ್ 8ಕ್ಕೆ ಹೂಗುಚ್ಛ ಕೊಡುವ ಫೋಟೋ ಬರುತ್ತದೆ. ಆ ಹುಡುಗಿಯರು ಡ್ಯೂಟಿಗೆ ಹೊರಡುವ ಮುಂಚೆಯೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತಿದೆ.

2025ರಲ್ಲಿ 8ನೇ ವೇತನ ಆಯೋಗ ಘೋಷಣೆಯಾಯಿತು. ಕನಿಷ್ಠ ವೇತನ ಎಷ್ಟಿರಬೇಕು ಅನ್ನುವ ಜಗ್ಗಾಟ ಮತ್ತೆ ನಡೆಯುತ್ತದೆ. ಬೇಡಿಕೆ ಈಡೇರದಿದ್ದರೆ ಮುಷ್ಕರದ ಮಾತೂ ಬರುತ್ತದೆ. 2023ರ ನವೆಂಬರಿನಲ್ಲಿ ಹಳೆಯ ಪಿಂಚಣಿಗಾಗಿ ಮುಷ್ಕರ ಮಾಡಬೇಕೋ ಬೇಡವೋ ಅಂತ ರೈಲ್ವೆ ಸಂಘಟನೆಗಳು ನೌಕರರಿಂದ ಗುಪ್ತ ಮತದಾನ ಮಾಡಿಸಿದ್ದವು, ಬಹುಪಾಲು ಜನ ಮಾಡಬೇಕು ಅಂದಿದ್ದರು. ಆದರೂ ಗಾಡಿ ನಿಲ್ಲಿಸಲಿಲ್ಲ. 1974ರ ನಂತರ ಇವತ್ತಿನವರೆಗೆ ದೇಶದ ತುಂಬ ಅಂಥ ಮುಷ್ಕರ ಆಗಿಲ್ಲ. ಅಷ್ಟು ತಾಳ್ಮೆ ಇರುವ ಜನರನ್ನು ಸ್ಟ್ರೈಕ್ ಮಾಡುವವರು ಅಂತ ಹಂಗಿಸುತ್ತಿದ್ದೀರಿ.

ನಾಳೆ ಅವರು ನಿಜವಾಗಿಯೂ ನಿಲ್ಲಿಸಿದರೆ ನಾನು ಅವರ ಕಡೆ, ಈಗಲೇ ಹೇಳಿಬಿಡುತ್ತೇನೆ. ದೀಪಾವಳಿಗೆ ಊರಿಗೆ ಹೋಗಲು ನನ್ನದೂ ಟಿಕೆಟ್ ಆಗಿದೆ, ಅದು ರದ್ದಾದರೂ ನಾನು ಅವರ ಕಡೆಯೇ.

ನಿಮ್ಮ ನೆಂಟರಲ್ಲಿ, ಓಣಿಯಲ್ಲಿ, ಹಳೆಯ ಶಾಲೆಯ ಗೆಳೆಯರಲ್ಲಿ ಯಾರಾದರೂ ಹಳಿ ಮೇಲೋ ಇಂಜಿನ್ನಿನಲ್ಲೋ ಕ್ಯಾಬಿನ್ನಿನಲ್ಲೋ ಕೆಲಸ ಮಾಡುವವರು ಇದ್ದೇ ಇರುತ್ತಾರೆ. ಇವತ್ತು ಫೋನ್ ಮಾಡಿ. ಹಬ್ಬದ ದಿನ ಡ್ಯೂಟಿ ಎಲ್ಲಿ, ಕಳೆದ ವಾರ ವಿಶ್ರಾಂತಿ ಸಿಕ್ಕಿತಾ, ಬೋನಸ್ ಅಂತ ಕೈಗೆ ಎಷ್ಟು ಬಂತು, ಕೇಳಿ. ಕೇಳಿ ಬಂದು ಇಲ್ಲಿ ಬರೆಯಿರಿ. ಜಗಳ ಆಡುವುದಿದ್ದರೆ ಆಮೇಲೆ ಆಡೋಣ, ನಾನು ಎಲ್ಲೂ ಹೋಗುವುದಿಲ್ಲ.