ಚಕ್ರವರ್ತಿಯ ಟೋಪಿಗೆ ಹದಿನೇಳು ಕೋಟಿ

2023ರ ನವೆಂಬರ್‌ನಲ್ಲಿ ನೆಪೋಲಿಯನ್‌ನ ಟೋಪಿ ಫ್ರಾನ್ಸಿನಲ್ಲಿ 19 ಲಕ್ಷ ಯೂರೋ ದಾಟಿ ಹರಾಜಾದ ಸುದ್ದಿ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಲೆಕ್ಕದಲ್ಲಿ ಹದಿನೇಳು ಕೋಟಿ ರೂಪಾಯಿಗೂ ಮೇಲೆ. ಎಂಟು ಲಕ್ಷ ಯೂರೋ ಬಂದರೆ ಹೆಚ್ಚು ಎಂದು ಹರಾಜಿನವರ ಅಂದಾಜಿತ್ತಂತೆ. ಪಾಪ, ಅವರು ಬಟ್ಟೆಗೆ ಬೆಲೆ ಕಟ್ಟಿದ್ದರು, ಭಕ್ತಿಗೆ ಕಟ್ಟಿರಲಿಲ್ಲ. ಆ ತಲೆಯ ಮೇಲೆ ಹದಿನೈದು ವರ್ಷಗಳಲ್ಲಿ ಸುಮಾರು 120 ಟೋಪಿಗಳು ಕೂತೆದ್ದಿವೆ ಎನ್ನುತ್ತಾರೆ. ಆದ್ದರಿಂದ ಈ ಸಲ ಕೈತಪ್ಪಿದವರು ಎದೆಗುಂದಬೇಕಾಗಿಲ್ಲ. ಟೋಪಿ ಸಿಗದಿದ್ದರೆ ಕೂದಲಿದೆ. ಹಲ್ಲೊಂದು 2005ರಲ್ಲಿ ಇಂಗ್ಲೆಂಡಿನಲ್ಲಿ ಬಿಕರಿಯಾಗಿದೆ. ಅವನದೇ ಎಂದು ಹೇಳಲಾದ ಇನ್ನೊಂದು ಅಂಗವನ್ನು 1977ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರೊಬ್ಬರು ಹರಾಜಿನಲ್ಲಿ ಕೊಂಡು ಮನೆಗೆ ಒಯ್ದರು. ಯಾವ ಅಂಗವೆಂದು ಮನೆಮಂದಿಯೆಲ್ಲ ಓದುವ ಅಂಕಣದಲ್ಲಿ ಬರೆಯಲಾರೆ. ಕೊಂಡವರ ಕಸುಬಿನಿಂದಲೇ ಊಹಿಸಿಕೊಳ್ಳಿ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂದ ಹಿರಿಯರು ಆನೆಯನ್ನು ಹೀಗೆ ಬಿಡಿಬಿಡಿಯಾಗಿ ಮಾರುವುದನ್ನು ಕಂಡಿರಲಿಲ್ಲ.

ನಾವು ಕನ್ನಡಿಗರು ಹೊಟ್ಟೆಕಿಚ್ಚು ಪಡಬೇಕಾದ ಕಾರಣವಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು, ಅಂದರೆ ಟೋಪಿಯ ಎಂಟು ಪಟ್ಟು. ಈ ಇಬ್ಬರೂ ಎಂದೂ ಮುಖಾಮುಖಿಯಾದವರಲ್ಲ. ಕೈರೋದಲ್ಲಿದ್ದ ನೆಪೋಲಿಯನ್ ಬೋನಪಾರ್ಟೆ 1799ರ ಜನವರಿಯಲ್ಲಿ ಟಿಪ್ಪುವಿಗೊಂದು ಪತ್ರ ಬರೆದ. ಲೆಕ್ಕವಿಲ್ಲದ, ಸೋಲರಿಯದ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸುತ್ತೇನೆ ಎಂಬ ಭರವಸೆ ಅದರಲ್ಲಿತ್ತು. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಬಿತ್ತು. ಮೇ 4ಕ್ಕೆ ಶ್ರೀರಂಗಪಟ್ಟಣವೂ ಬಿತ್ತು. ಅಲ್ಲಿ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ಬಿಡಾರ ಹೂಡಿದ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ತಾಯ್ನಾಡಿಗೆ ಮರಳುವಾಗ ನಡುದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ತಂಗಿದ್ದ. ಹತ್ತು ವರ್ಷಗಳ ಬಳಿಕ ಅದೇ ವೆಲ್ಲೆಸ್ಲಿ, ಈಗ ವೆಲ್ಲಿಂಗ್ಟನ್ ದೊರೆ, ವಾಟರ್‌ಲೂನಲ್ಲಿ ಗೆದ್ದ. ಸೋತವನನ್ನು ಅದೇ ದ್ವೀಪಕ್ಕೆ ಅಟ್ಟಿ, ಮೊದಲ ಕೆಲವು ವಾರ ಬ್ರಯರ್ಸ್ ಎಂಬಲ್ಲಿ ಬಾಲ್ಕೋಂಬ್ ಕುಟುಂಬದ ಆಶ್ರಯದಲ್ಲಿ ಇರಿಸಿದರು. ವೆಲ್ಲಿಂಗ್ಟನ್ ಪ್ಯಾರಿಸ್ಸಿನಿಂದ ಹೇಳಿ ಕಳಿಸಿದ: ಎಲಿಸೀ ಅರಮನೆಯ ನಿನ್ನ ಕೋಣೆಗಳು ನನಗೆ ಬಹಳ ಅನುಕೂಲವಾಗಿವೆ, ಬಾಲ್ಕೋಂಬರ ಮನೆಯ ನನ್ನ ಕೋಣೆಗಳು ನಿನಗೂ ಹಿಡಿಸಿವೆ ಎಂದುಕೊಂಡಿದ್ದೇನೆ. ಗೆದ್ದವನಿಗೆ ಇಷ್ಟು ಕೊಂಕು ಹಕ್ಕಿನದು ಎನ್ನಿ.

ಸೇಂಟ್ ಹೆಲೆನಾ ಆಫ್ರಿಕದ ಕರಾವಳಿಯಿಂದ ಸುಮಾರು 1,900 ಕಿಲೋಮೀಟರ್ ದೂರ. ಸುತ್ತ ನೀರು ಬಿಟ್ಟರೆ ನೀರು. ಹೊಟ್ಟೆ ಬಂದ, ನಡುವಯಸ್ಸಿನ ಒಬ್ಬ ಮನುಷ್ಯ ಅಲ್ಲಿಂದ ಓಡಿಹೋಗದಂತೆ ಕಾಯಲು ಬ್ರಿಟನ್ ಎರಡು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಇರಿಸಿತು. ಯುದ್ಧನೌಕೆಗಳು ದ್ವೀಪಕ್ಕೆ ಪ್ರದಕ್ಷಿಣೆ ಹಾಕಿದವು. ಅದೂ ಸಾಲದೆಂದು 1,300 ಕಿಲೋಮೀಟರ್ ಆಚೆಯ ಅಸೆನ್ಷನ್ ದ್ವೀಪವನ್ನೂ, 2,400 ಕಿಲೋಮೀಟರ್ ಆಚೆಯ ಟ್ರಿಸ್ಟನ್ ಡ ಕುನ್ಹಾವನ್ನೂ ವಶಪಡಿಸಿಕೊಂಡರು. ಕಳ್ಳನಿಗೆ ಯಾರಾದರೂ ಏಣಿ ಕೊಟ್ಟಾರೆಂದು ಪಕ್ಕದ ಎರಡು ಊರುಗಳನ್ನೇ ಜಪ್ತಿ ಮಾಡಿದ ಹಾಗೆ. ಕೈದಿ ಸತ್ತು ಇನ್ನೂರು ವರ್ಷ ದಾಟಿತು. ಎರಡೂ ದ್ವೀಪಗಳು ಈಗಲೂ ಬ್ರಿಟನ್ನಿನ ಕೈಯಲ್ಲೇ ಇವೆ.

ಆದರೆ ಈ ನಾಟಕದಲ್ಲಿ ನನ್ನ ಅಚ್ಚುಮೆಚ್ಚಿನ ಪಾತ್ರ 1816ರ ಏಪ್ರಿಲ್‌ನಲ್ಲಿ ಬಂದಿಳಿದ ಗವರ್ನರ್ ಹಡ್ಸನ್ ಲೋ. ಇನಿಷಿಯಲ್ ತಪ್ಪಿದೆಯೆಂದು ಅರ್ಜಿ ಹಿಂದಿರುಗಿಸುವ ಜಗತ್ತಿನ ಸಕಲ ಗುಮಾಸ್ತರೂ ಮನೆಯಲ್ಲಿ ಇವನ ಪಟ ಇಟ್ಟುಕೊಳ್ಳಬೇಕು. 'ಚಕ್ರವರ್ತಿ' ಎಂದು ಬರೆದು ಬಂದ ಪುಸ್ತಕವನ್ನು ಇವನು ಕೈದಿಗೆ ಕೊಡಲಿಲ್ಲ. 'ಜನರಲ್ ಬೋನಪಾರ್ಟೆ' ಎಂದು ಬರೆದ ಊಟದ ಆಮಂತ್ರಣಕ್ಕೆ ಕೈದಿ ಉತ್ತರಿಸಲಿಲ್ಲ. ಲಾಂಗ್‌ವುಡ್ ಎಂಬ ಕೈದಿಯ ಬಿಡಾರದ ಖರ್ಚು ಕಡಿತ ಮಾಡಿದಾಗ ನೆಪೋಲಿಯನ್ ಬೆಳ್ಳಿ ತಟ್ಟೆಗಳನ್ನು ಚಚ್ಚಿಸಿ, ಹದ್ದಿನ ಲಾಂಛನ ಕೀಳಿಸಿ, ಜೇಮ್ಸ್‌ಟೌನ್ ಪೇಟೆಯಲ್ಲಿ ತೂಕಕ್ಕೆ ಮಾರಿಸಿದ. ಕೈಯಲ್ಲಿ ದುಡ್ಡಿಲ್ಲದೆ ಅಲ್ಲ, ಯುರೋಪಿಗೆ ಸುದ್ದಿ ಮುಟ್ಟಲೆಂದು.

ಅವರೆಕಾಳಿನ ದಾಯಾದಿ ಬೀನ್ಸ್ ಕಾಳಿನ ಪ್ರಸಂಗವನ್ನಂತೂ ಬಿಡುವಂತಿಲ್ಲ. ಕೈದಿಯ ಜೊತೆಗಿದ್ದ ಮೊಂತೊಲೋನ್ ಒಂದು ದಿನ ಫ್ರೆಂಚ್ ದೊರೆಯ ಪ್ರತಿನಿಧಿ ಮೊಂಶೆನುವಿಗೆ ಬಿತ್ತನೆಗೆಂದು ಒಂದಿಷ್ಟು ಬೀನ್ಸ್ ಕಾಳು ಕೊಟ್ಟ, ಕೆಲವು ಬಿಳಿ, ಕೆಲವು ಹಸಿರು. ಲೋ ಸಾಹೇಬನ ನಿದ್ದೆ ಹಾರಿತು. ಬಿಳಿ ಎಂದರೆ ಫ್ರಾನ್ಸಿನ ಬೂರ್ಬನ್ ರಾಜರ ಬಾವುಟ. ಹಸಿರು ಎಂದರೆ ಬೋನಪಾರ್ಟೆಯ ಕೋಟು! ಇದರ ಅರ್ಥವೇನೋ ನಾನರಿಯೆ, ಆದರೆ ಎರಡನ್ನೂ ಬೇಡವೆಂದಿದ್ದರೆ ಅಥವಾ ಬಿಳಿಯದನ್ನಷ್ಟೇ ಕೇಳಿದ್ದರೆ ಮಾರ್ಕ್ವಿಸ್ ಮೊಂಶೆನು ಮಹಾಶಯರ ಘನತೆಗೆ ಒಪ್ಪುತ್ತಿತ್ತು ಎಂಬ ಧಾಟಿಯಲ್ಲಿ ಲಂಡನ್ನಿನ ಮಂತ್ರಿಗೆ ವರದಿ ಹೋಯಿತು. ಸಾಮ್ರಾಜ್ಯದ ಅಂಚೆ ಹಡಗು ಸಾವಿರಾರು ಮೈಲಿ ಹೊತ್ತು ಸಾಗಿದ ವಿಚಾರ ಇದು: ಪಲ್ಯದ ಕಾಳಿನ ರಾಜನಿಷ್ಠೆ. ಆ ಮೊಂಶೆನುವೋ, ಕೈದಿ ಅಲ್ಲೇ ಇದ್ದಾನೆಂದು ಖಾತರಿಪಡಿಸಲು ಬಂದವನು. ಅಷ್ಟು ವರ್ಷ ದ್ವೀಪದಲ್ಲಿ ಕಾದು ಕೂತು ಅವನು ನೆಪೋಲಿಯನ್‌ನ ಮುಖ ಕಂಡದ್ದು 1821ರ ಮೇ ತಿಂಗಳಲ್ಲಿ, ಹೆಣವಾಗಿ ಮಲಗಿದ್ದಾಗ. ಗೋರಿಯ ಮೇಲೆ 'ನೆಪೋಲಿಯನ್' ಎಂದಷ್ಟೇ ಇರಲಿ ಎಂದರು ಫ್ರೆಂಚರು. 'ಬೋನಪಾರ್ಟೆ' ಸೇರಲೇಬೇಕು ಎಂದ ಲೋ. ಜಗಳ ಹರಿಯಲಿಲ್ಲ, ಕಲ್ಲು ಬರಿದಾಗಿಯೇ ಉಳಿಯಿತು.

ಇಂಥ ಶತ್ರು ಸಿಗಲು ಪುಣ್ಯ ಮಾಡಿರಬೇಕು. ಲೋ ಕಿರುಕುಳ ಕೊಟ್ಟಷ್ಟೂ ನೆಪೋಲಿಯನ್ ಹುತಾತ್ಮನಾಗುತ್ತ ಹೋದ. ಅತ್ತ ಗವರ್ನರ್ ಕಾಳು ಎಣಿಸುತ್ತಿದ್ದರೆ ಇತ್ತ ಆತ ಜೊತೆಗೆ ಬಂದಿದ್ದ ಕುಲೀನ ಲಾಸ್ ಕಾಸ್‌ನನ್ನು ಎದುರಿಗೆ ಕೂರಿಸಿಕೊಂಡು ತನ್ನ ಚರಿತ್ರೆಯನ್ನು ತಾನೇ ಹೇಳಿ ಬರೆಸುತ್ತಿದ್ದ: ನಾನು ಜನರ ವಿಮೋಚಕ, ಶಾಂತಿಪ್ರಿಯ, ಯುದ್ಧಗಳೆಲ್ಲ ನನ್ನ ಮೇಲೆ ಹೇರಿದವು. 1823ರಲ್ಲಿ ಅದು ಅಚ್ಚಾದಾಗ ಯುರೋಪು ಮುಗಿಬಿದ್ದು ಓದಿತು. 1840ರಲ್ಲಿ ಮೂಳೆಗಳು ಪ್ಯಾರಿಸ್ಸಿಗೆ ಮೆರವಣಿಗೆಯಲ್ಲಿ ಬಂದವು. ಅವನ 1804ರ ನಾಗರಿಕ ಸಂಹಿತೆ ದೊಡ್ಡ ಕೆಲಸವೇ, ಇಲ್ಲವೆನ್ನಲಾರೆ. ಹೆಂಡತಿ ಗಂಡನಿಗೆ ವಿಧೇಯಳಾಗಿರತಕ್ಕದ್ದು ಎಂಬ ಕಲಮೂ ಅದರಲ್ಲೇ ಇತ್ತು, ಅದು ಬೇರೆ ಮಾತು.

ಬೇರೆ ಮಾತು, ಬೇರೆ ಮಾತು ಎಂದು ಎಷ್ಟನ್ನು ಬದಿಗೆ ಸರಿಸುವುದು? ಫ್ರೆಂಚ್ ಕ್ರಾಂತಿ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ಕಾನೂನು ಮಾಡಿ ಮತ್ತೆ ತಂದವನು ಈ ವಿಮೋಚಕ. ಹೈಟಿಯ ಗುಲಾಮರ ದಂಗೆಯ ನಾಯಕ ತೂಸ್ಸೇನ್ ಲೂವರ್ಚ್ಯೂರ್‌ನನ್ನು ಹಿಡಿದು ಫ್ರಾನ್ಸಿನ ಬೆಟ್ಟದ ಕೋಟೆಗೆ ತಳ್ಳಿದ. ಆ ಮನುಷ್ಯ ಒಂದು ಚಳಿಗಾಲ ದಾಟುವಷ್ಟರಲ್ಲಿ, 1803ರ ಏಪ್ರಿಲ್‌ನಲ್ಲಿ, ಸತ್ತ. ಅವನಿಗೆ ಮಾರಲು ಬೆಳ್ಳಿ ತಟ್ಟೆ ಇರಲಿಲ್ಲ, ಮಾತು ಬರೆದುಕೊಳ್ಳಲು ಕುಲೀನರು ಇರಲಿಲ್ಲ. ಇತ್ತ ಬ್ರಯರ್ಸ್ ತೋಟದ ಗುಲಾಮ, ಮಲಯದ ಮುದುಕ ಟೋಬಿಯನ್ನು ಕಂಡು ಚಕ್ರವರ್ತಿಯ ಕರುಳು ಚುರುಕ್ಕೆಂದಿತಂತೆ. ಲೋಕವೆಲ್ಲ ಉಗಿಯುವ ಆ ಕಾಳು ಎಣಿಸುವ ಲೋ ಮಾತ್ರ 1818ರ ಕ್ರಿಸ್‌ಮಸ್‌ನಿಂದಾಚೆಗೆ ದ್ವೀಪದ ಗುಲಾಮರಿಗೆ ಹುಟ್ಟುವ ಮಕ್ಕಳು ಸ್ವತಂತ್ರರು ಎಂಬ ನಿರ್ಧಾರ ಮಾಡಿಸಿದ. ಅವನ ಟೋಪಿ ಎಲ್ಲಿದೆಯೋ ಯಾರೂ ಕೇಳಿಲ್ಲ. ನೆಪೋಲಿಯನ್ ಸಾವಿನ ದ್ವಿಶತಮಾನದ ದಿನ, 2021ರ ಮೇ 5ರಂದು, ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಗುಲಾಮಗಿರಿ ಮರಳಿ ತಂದದ್ದು ತಪ್ಪು, ದ್ರೋಹ ಎಂದರು. ಹಾಗೆಂದು ಸಮಾಧಿಗೆ ಹೂವಿನ ಹಾರವನ್ನೂ ಇಟ್ಟರು.

ಸೇಂಟ್ ಹೆಲೆನಾದಲ್ಲಿ ಇನ್ನೂ ಕೆಲವು ಗೋರಿಗಳಿವೆ. 1840ರಿಂದಾಚೆಗೆ ಗುಲಾಮರ ಹಡಗುಗಳನ್ನು ಹಿಡಿದ ಬ್ರಿಟಿಷ್ ನೌಕಾಪಡೆ ಅದರೊಳಗಿನ ಆಫ್ರಿಕನ್ನರನ್ನು ಈ ದ್ವೀಪದಲ್ಲಿ ಇಳಿಸಿತು. ಸುಮಾರು 8,000 ಜನ ಅಲ್ಲೇ ಸತ್ತರು, ರೂಪರ್ಟ್ ಕಣಿವೆಯ ಗುಂಡಿಗಳಿಗೆ ಬಿದ್ದರು. ವಿಮಾನ ನಿಲ್ದಾಣದ ಕಾಮಗಾರಿಗೆಂದು 2008ರಲ್ಲಿ ಅಗೆದಾಗ 325 ಮಂದಿಯ ಅಸ್ಥಿಗಳು ಮೇಲೆ ಬಂದವು. 28 ಕೋಟಿ ಪೌಂಡ್ ಸುರಿದು ನಿಲ್ದಾಣ ಕಟ್ಟಿದರು. ಗಾಳಿಯ ಹೊಡೆತಕ್ಕೆ ದೊಡ್ಡ ವಿಮಾನ ಇಳಿಯದೆಂದು ಆಮೇಲೆ ತಿಳಿಯಿತು. ಇತ್ತ ನೆಪೋಲಿಯನ್‌ನ ಗೋರಿ 1840ರಲ್ಲೇ ಖಾಲಿಯಾಗಿದ್ದರೂ ಫ್ರಾನ್ಸ್ ಸರ್ಕಾರ 1858ರಲ್ಲಿ ಅದನ್ನು ಲಾಂಗ್‌ವುಡ್ ಸಮೇತ ಕೊಂಡು, ಬೇಲಿ ಹಾಕಿ, ಇಂದಿಗೂ ಹುಲ್ಲು ಕತ್ತರಿಸುತ್ತಿದೆ. ಆ 325 ಮಂದಿ ಜೇಮ್ಸ್‌ಟೌನಿನ ಒಂದು ಉಗ್ರಾಣದಲ್ಲಿ ಪೆಟ್ಟಿಗೆಗಳಲ್ಲಿ ಇದ್ದರು. ಮತ್ತೆ ಮಣ್ಣು ಕಂಡದ್ದು 2022ರಲ್ಲಿ. ಹದಿನಾಲ್ಕು ವರ್ಷ. ಮನೆ ತೇವ, ಇಲಿ ಕಾಟ ಎಂದು ಜಗತ್ತಿಗೆಲ್ಲ ದೂರು ಬರೆಸಿದ ಚಕ್ರವರ್ತಿ ಆ ದ್ವೀಪದಲ್ಲಿ ಇದ್ದದ್ದು ಐದೂವರೆ ವರ್ಷ.