ಮೂರನೇ ಲಿಫ್ಟು

ಮೊನ್ನೆ ಊರಿಂದ ಬಂದ ಹಲಸಿನ ಹಣ್ಣೊಂದನ್ನು ಹೆಗಲ ಮೇಲೆ ಹೊತ್ತು, ಸರ್ಜಾಪುರ ರಸ್ತೆ ಕಡೆ ಇರುವ ಗೆಳೆಯನ ಅಪಾರ್ಟ್‌ಮೆಂಟಿಗೆ ಹೋದೆ. ಊರು ಬೆಂಗಳೂರೇ. ಅಪಾರ್ಟ್‌ಮೆಂಟಿನ ಹೆಸರು ಮಾತ್ರ ಇಟಲಿಯದ್ದು. ಗೇಟಿನಲ್ಲಿ ಹೆಸರು, ಫೋನ್ ನಂಬರು, ಫೋಟೊ, ಒಟಿಪಿ ಎಲ್ಲ ಕೊಟ್ಟೆ. ನಮ್ಮ ಮನೆಯಲ್ಲಿ ಹೆಣ್ಣು ಕೊಡುವಾಗಲೂ ಗಂಡಿನ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ.

ಒಳಗೆ ಮೂರು ಲಿಫ್ಟು. ಎರಡರಲ್ಲಿ ಕನ್ನಡಿ, ಮೆಲ್ಲನೆಯ ಸಂಗೀತ. ಗಾರ್ಡ್ ನನ್ನನ್ನೂ ಹಲಸನ್ನೂ ನೋಡಿ ಮೂರನೆಯದರ ಕಡೆ ಕೈ ತೋರಿಸಿದ. ಅದರ ಮೇಲೆ ಬೋರ್ಡು: ಮನೆಗೆಲಸದವರು, ಡೆಲಿವರಿಯವರು, ಕಸ ಮತ್ತು ಸಾಕುನಾಯಿ ಇದನ್ನೇ ಬಳಸತಕ್ಕದ್ದು.

ನಾಯಿಯ ವಿಷಯ ಆಮೇಲೆ ಬದಲಾಗಿದೆಯಂತೆ. ಅದಕ್ಕೆ ಅವಮಾನವಾಗುತ್ತದೆ ಅಂತ ಯಾರೋ ವಾಟ್ಸಾಪ್ ಗುಂಪಿನಲ್ಲಿ ಬರೆದರು. ಎರಡು ದಿನ ಚರ್ಚೆಯಾಗಿ, ಬೆಳಗ್ಗೆ ಏಳರವರೆಗೆ ಕನ್ನಡಿ ಲಿಫ್ಟಿಗೆ ಅನುಮತಿ ಸಿಕ್ಕಿತು. ಮನೆಗೆಲಸದವರು ಆ ಗುಂಪಿನಲ್ಲಿಲ್ಲ.

ಲಿಫ್ಟಿನಲ್ಲಿ ಅಡುಗೆಯಮ್ಮ ಒಬ್ಬರು ಸಿಕ್ಕರು. 'ನಿಮ್ದು ಯಾವ ಫ್ಲ್ಯಾಟು? ಎಷ್ಟು ಕೊಡ್ತಾರೆ?' ಅಂದರು. ಹಿಟ್ಟು ಕಲಸುವುದು ಅವರ ಕೈ, ಮಗುವಿಗೆ ತುತ್ತಿಡುವುದೂ ಅದೇ ಕೈ. ಕನ್ನಡಿ ಲಿಫ್ಟಿನ ಬಟನ್ ಒತ್ತಿದರೆ ಮಾತ್ರ ಅದು ಹೈಜೀನ್ ಪ್ರಾಬ್ಲಂ.

ಬ್ರಿಟಿಷರಿಗೆ ಇಷ್ಟು ಚುರುಕು ಇರಲಿಲ್ಲ ಬಿಡಿ. 1809ರಲ್ಲಿ ಹಲಸೂರಿನ ಕಡೆ ದಂಡು, ಅಂದರೆ ಕಂಟೋನ್ಮೆಂಟು, ಕಟ್ಟಿದರು. ದಂಡಿನವರು ಅಲ್ಲಿ, ಪೇಟೆಯವರು ಇಲ್ಲಿ. 1870ರಲ್ಲಿ ಇಬ್ಬರ ನಡುವೆ ಕಬ್ಬನ್ ಪಾರ್ಕ್ ಬಂತು. ದೂರ ಇಡುವುದಕ್ಕೆ ಅಷ್ಟು ದೊಡ್ಡ ತೋಟ ಬೇಕಿತ್ತು ಅವರಿಗೆ, ನಮಗೆ ಒಂದು ಪ್ಲೈವುಡ್ ಬೋರ್ಡು ಸಾಕು. 1949ರಲ್ಲಿ ದಂಡನ್ನೂ ಪೇಟೆಯನ್ನೂ ಒಂದೇ ಪಾಲಿಕೆಗೆ ಸೇರಿಸಿದರು. ಈಗ ಎರಡು ಎಕರೆ ಸಿಕ್ಕಲ್ಲೆಲ್ಲ ಒಂದೊಂದು ದಂಡು. ಸಿಪಾಯಿಗಳೂ ಇದ್ದಾರೆ, ಸಲ್ಯೂಟೂ ಇದೆ.

ನಮ್ಮ ಲೆಕ್ಕ ಸರಳ. ಈಜೀಪುರದಲ್ಲಿ ಬಡವರಿಗೆಂದು ಸರ್ಕಾರಿ ಕ್ವಾರ್ಟರ್ಸ್ ಇತ್ತು. ಪಕ್ಕದಲ್ಲಿ ಕೋರಮಂಗಲ ಬೆಳೆಯಿತು, ಜಾಗಕ್ಕೆ ಬೆಲೆ ಬಂತು. 2013ರ ಜನವರಿಯಲ್ಲಿ ಬುಲ್ಡೋಜರ್ ಬಂತು. ಅರ್ಧ ಜಾಗದಲ್ಲಿ ಮಾಲ್ ಕಟ್ಟುವ ಯೋಜನೆ ಇತ್ತು. ಒಕ್ಕಲೆದ್ದವರಿಗೆ ತೋರಿಸಿದ್ದು ಇದೇ ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಬಡವರ ಜಾಗಕ್ಕೆ ಬೆಲೆ ಬಂದರೆ ಬಡವರು ಊರಾಚೆ ಹೋಗಬೇಕು. ಸರಿ. ಆದರೆ ಊರಾಚೆಗೂ ಇಟಲಿ ಬಂದುಬಿಟ್ಟರೆ? ಇನ್ನೂ ಆಚೆ ಕಳಿಸೋಣ ಅಂದರೆ ಬೆಳಗ್ಗೆ ಆರಕ್ಕೆ ಕಾಫಿ ಯಾರು ಮಾಡುತ್ತಾರೆ? ಅದಕ್ಕೇ ಮೂರನೇ ಲಿಫ್ಟು.

2022ರ ಸೆಪ್ಟೆಂಬರ್ ಮಳೆ ಮಾತ್ರ ಬೋರ್ಡು ಓದಲಿಲ್ಲ. ಸರ್ಜಾಪುರ ರಸ್ತೆಯ ವಿಲ್ಲಾಗಳಿಗೂ ನುಗ್ಗಿತು. ಕೆರೆ, ರಾಜಕಾಲುವೆಗಳ ದಾರಿಗೆ ಅಡ್ಡ ನಿಂತರೆ ನೀರು ಒಟಿಪಿ ಕೇಳುತ್ತದಾ? ಕೋಟಿಗಟ್ಟಲೆ ಬೆಲೆಯ ಕಾರುಗಳು ತೇಲಿದವು, ಅವುಗಳ ಮಾಲೀಕರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟ್ರ್ಯಾಕ್ಟರಿನಲ್ಲಿ ಎಲ್ಲರೂ ನಿಂತುಕೊಂಡೇ ಹೋಗಬೇಕು. ಆ ಫೋಟೊಗಳನ್ನು ಗೆಳೆಯ ಈಗಲೂ ಹೆಮ್ಮೆಯಿಂದ ತೋರಿಸುತ್ತಾನೆ, ಯಾವುದೋ ಟ್ರೆಕ್ಕಿಂಗಿಗೆ ಹೋಗಿ ಬಂದವನ ಹಾಗೆ.

ಅಂದಹಾಗೆ, ಹಲಸು ಕೊಯ್ಯುವುದು ಅವನ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ಕೈಗೆ ಎಣ್ಣೆ ಹಚ್ಚಿಕೊಂಡು ಬಿಡಿಸಿಕೊಟ್ಟವರು ಅದೇ ಅಡುಗೆಯಮ್ಮ. ಕೆಲಸ ಮಾಡುವುದು ಇವನ ಮನೆಯಲ್ಲೇ ಅಂತ ಆಗ ಗೊತ್ತಾಯಿತು. ಸಿಪ್ಪೆಯ ಚೀಲ ಹಿಡಿದು ಅವರು ಮೂರನೇ ಲಿಫ್ಟಿನಲ್ಲೇ ಇಳಿದರು, ನಿಯಮದ ಪ್ರಕಾರ.

ಘಮ ಮೂರೂ ಲಿಫ್ಟಿಗೆ ಹಬ್ಬಿತ್ತು. ಯಾರು ತಂದಿದ್ದು ಅಂತ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯವರೆಗೂ ವಿಚಾರಣೆ ನಡೆಯಿತಂತೆ. ಸಿಸಿಟಿವಿ ನೋಡುತ್ತಾರಂತೆ.