ಎರಡನೆಯ ಹಂತವೇ ನಮ್ಮ ಶಾಲೆಗಳಲ್ಲಿ ಇಲ್ಲ

ಇಡೀ ತರಗತಿಗೆ ಒಳ್ಳೆಯ ಬೋಧನೆ, ಹಿಂದುಳಿದವರಿಗೆ ಸಣ್ಣ ಗುಂಪಿನಲ್ಲಿ ನೆರವು, ಅದೂ ಸಾಲದವರಿಗೆ ಪ್ರತ್ಯೇಕ ಗಮನ ಎಂಬ ಮೂರು ಹಂತಗಳನ್ನು, ಶಾಲಾ ಮಕ್ಕಳಿಗೆ ನೆರವಾಗುವ ಬಗೆಯ ಕುರಿತು ನಿಮ್ಮಲ್ಲಿ ಪ್ರಕಟವಾದ ಲೇಖನ ಚೆನ್ನಾಗಿ ವಿವರಿಸಿದೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ ಶಿಕ್ಷಕಿಯಾಗಿರುವ ನನಗೆ ಎರಡನೆಯದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ತಾಯಿಯೊಂದಿಗೆ ಹೊಲಕ್ಕೆ ಹೋಗಿ, ಎರಡು ತಿಂಗಳ ನಂತರ ಐದನೆಯ ತರಗತಿಗೆ ಮರಳಿದ ಹುಡುಗನೊಬ್ಬ ದಿನವೂ ಪಕ್ಕದವರೊಡನೆ ಜಗಳಕ್ಕಿಳಿಯುತ್ತಿದ್ದ. ಎಲ್ಲರೂ ಅವನನ್ನು ಪುಂಡನೆಂದರು, ಆದರೆ ಹತ್ತಿರ ಕೂರಿಸಿಕೊಂಡು ಓದಿಸಿದಾಗ ಒತ್ತಕ್ಷರ ಬಂದಲ್ಲೆಲ್ಲ ಅವನ ಬೆರಳು ನಿಂತುಬಿಡುತ್ತಿತ್ತು. ನಾಲ್ಕು ಮಕ್ಕಳ ಗುಂಪಿನಲ್ಲಿ ದಿನಕ್ಕೆ ಅರ್ಧ ಗಂಟೆ ಓದಿಸತೊಡಗಿದ ಮೇಲೆ ಜಗಳ ತಾನಾಗಿಯೇ ಕಡಿಮೆಯಾಯಿತು. ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಮೂರನೆಯ ತರಗತಿಗೇ ಮುಗಿಯುವುದರಿಂದ, ಕೋವಿಡ್ ಕಾಲದಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡಲು 2022-23ರಲ್ಲಿ ನಡೆದ ಕಲಿಕಾ ಚೇತರಿಕೆಯಂಥ ಕ್ರಮ ನಾಲ್ಕರಿಂದ ಏಳರವರೆಗೆ ಪ್ರತಿವರ್ಷವೂ ನಡೆಯಬೇಕು. ಅದಕ್ಕೆ ಮೊದಲು ಖಾಲಿ ಇರುವ ಶಿಕ್ಷಕರ ಹುದ್ದೆಗಳು ಭರ್ತಿಯಾಗಬೇಕು.